54ರ ವಯಸ್ಸು, 66ರ ಟೆಲೊಮಿಯರ್: ವರದಿಯನ್ನು ಎಷ್ಟು ನಂಬಬೇಕು?

ಪ್ರಶ್ನೆ: ನನಗೆ 54 ವರ್ಷ. ಬಿಪಿ, ಶುಗರ್ ಇಲ್ಲ. ಈಚೆಗೆ ಒಂದು ವೆಲ್‌ನೆಸ್ ಸೆಂಟರ್‌ನಲ್ಲಿ ರಕ್ತ ಕೊಟ್ಟು ಟೆಲೊಮಿಯರ್ ಪರೀಕ್ಷೆ ಮಾಡಿಸಿದೆ. ನನ್ನ ಟೆಲೊಮಿಯರ್ ಚಿಕ್ಕದಾಗಿದೆ, ‘ಜೈವಿಕ ವಯಸ್ಸು’ 66 ಎಂದು ವರದಿ ಬಂದಿದೆ. ಅದನ್ನು ಉದ್ದ ಮಾಡುವ ಕ್ಯಾಪ್ಸೂಲ್ ಆರು ತಿಂಗಳು ತೆಗೆದುಕೊಂಡು ಮತ್ತೆ ಪರೀಕ್ಷೆ ಮಾಡಿಸಿ ಎಂದಿದ್ದಾರೆ. ನಿಜವಾಗಿಯೂ ನನ್ನ ಆಯುಸ್ಸು ಕಡಿಮೆಯೇ? ನಮ್ಮಣ್ಣ 57ಕ್ಕೆ ಶ್ವಾಸಕೋಶದ ಫೈಬ್ರೋಸಿಸ್‌ನಿಂದ (ಶ್ವಾಸಕೋಶ ಕಲೆಗಟ್ಟಿ ಗಡುಸಾಗುವ ಕಾಯಿಲೆ) ತೀರಿಕೊಂಡರು. ನಮ್ಮ ತಂದೆಯ ಕಡೆ ಎಲ್ಲರಿಗೂ ಇಪ್ಪತ್ತೈದರ ಹೊತ್ತಿಗೆಲ್ಲ ತಲೆ ನರೆಯುತ್ತದೆ. ಅದಕ್ಕೇ ಹೆದರಿಕೆ.

ಉತ್ತರ: ಆ ವರದಿಯನ್ನು ಇಟ್ಟುಕೊಂಡು ನಿಮ್ಮ ಆಯುಸ್ಸು ಕಡಿಮೆ ಎಂದಾಗಲಿ, ಹೆಚ್ಚು ಎಂದಾಗಲಿ ಯಾರೂ ಹೇಳಲಾರರು. ಕ್ಯಾಪ್ಸೂಲ್ ಬೇಡ. ಆರು ತಿಂಗಳ ಮೇಲಿನ ಮರುಪರೀಕ್ಷೆಗೂ ದುಡ್ಡು ಹಾಕಬೇಡಿ. ಆದರೆ ಅಣ್ಣನ ಬಗ್ಗೆ, ಮನೆಯವರ ಬಾಲನೆರೆಯ ಬಗ್ಗೆ ನೀವು ಕೊನೆಯಲ್ಲಿ ಬರೆದ ಸಾಲುಗಳು ನನಗೆ ಇಡೀ ವರದಿಗಿಂತ ಮುಖ್ಯವಾಗಿ ಕಂಡವು. ಅವುಗಳ ಮಾತಿಗೆ ಬರುತ್ತೇನೆ. ಅದಕ್ಕೆ ಮೊದಲು ಆ 66 ಎಂಬ ಸಂಖ್ಯೆ ಎಲ್ಲಿಂದ ಬಂತು ಎಂಬುದನ್ನು ನೋಡೋಣ.

ನಮ್ಮ ಬಹುತೇಕ ಜೀವಕೋಶಗಳಲ್ಲಿ 46 ಕ್ರೋಮೋಸೋಮ್‌ಗಳಿವೆ, ಒಂದೊಂದಕ್ಕೆ ಎರಡರಂತೆ 92 ತುದಿಗಳು. ಪ್ರತಿ ತುದಿಯಲ್ಲೂ ಟಿಟಿಎಜಿಜಿಜಿ ಎಂಬ ಆರು ಅಕ್ಷರಗಳ ಡಿಎನ್‌ಎ ತುಣುಕು ಸಾಲಾಗಿ ಸಾವಿರದಷ್ಟು ಸಲ ಬರುತ್ತದೆ. ಅದೇ ಟೆಲೊಮಿಯರ್. ಡಿಎನ್‌ಎ ಎಲ್ಲಾದರೂ ತುಂಡಾದರೆ ಜೀವಕೋಶ ತಕ್ಷಣ ರಿಪೇರಿಗೆ ಇಳಿಯುತ್ತದೆ. ಕ್ರೋಮೋಸೋಮಿನ ಸಹಜ ತುದಿಯನ್ನೂ ಹಾಗೇ ತುಂಡಾದ ಜಾಗವೆಂದುಕೊಂಡು ಇನ್ನೊಂದು ತುದಿಗೆ ಅಂಟಿಸಿಬಿಟ್ಟರೆ ಅನಾಹುತ. ಹಾಗಾಗದಂತೆ ತಡೆಯುವುದು ಟೆಲೊಮಿಯರ್ ಮತ್ತು ಅದನ್ನು ಸುತ್ತಿಕೊಂಡಿರುವ ಪ್ರೋಟೀನುಗಳ ಕೆಲಸ.

ಜೀವಕೋಶ ಎರಡಾಗುವಾಗ ಡಿಎನ್‌ಎ ನಕಲು ಮಾಡುವ ವ್ಯವಸ್ಥೆಗೆ ಕಟ್ಟಕಡೆಯ ತುದಿಯವರೆಗೆ ನಕಲು ತೆಗೆಯಲು ಆಗುವುದಿಲ್ಲ. ಹೀಗಾಗಿ ಪ್ರತಿ ವಿಭಜನೆಯಲ್ಲೂ ತುದಿ ಕೊಂಚ ಮೊಟಕಾಗುತ್ತದೆ. ಇದನ್ನು 1971ರಲ್ಲಿ ರಷ್ಯಾದ ಅಲೆಕ್ಸಿ ಒಲೊವ್ನಿಕೊವ್, ಮರುವರ್ಷ ಜೇಮ್ಸ್ ವಾಟ್ಸನ್ ಊಹಿಸಿದ್ದರು. ಅದಕ್ಕೂ ಹತ್ತು ವರ್ಷ ಮೊದಲೇ, 1961ರಲ್ಲಿ, ಲಿಯೊನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಮನುಷ್ಯರ ಜೀವಕೋಶಗಳು ಐವತ್ತರ ಆಸುಪಾಸು ಸಲ ವಿಭಜನೆಯಾಗಿ ನಿಂತುಬಿಡುವುದನ್ನು ತೋರಿಸಿದ್ದರು. 1984ರ ಕ್ರಿಸ್ಮಸ್ ದಿನ, ಎಲಿಜಬೆತ್ ಬ್ಲ್ಯಾಕ್‌ಬರ್ನ್ ಅವರ ಪ್ರಯೋಗಾಲಯದಲ್ಲಿ ಕ್ಯಾರಲ್ ಗ್ರೈಡರ್, ಕೊಳದ ನೀರಿನಲ್ಲಿರುವ ಟೆಟ್ರಾಹೈಮಿನಾ ಎಂಬ ಏಕಕೋಶ ಜೀವಿಯಲ್ಲಿ ಟೆಲೊಮಿಯರನ್ನು ಮತ್ತೆ ಬೆಳೆಸುವ ಕಿಣ್ವದ ಗುರುತನ್ನು ಮೊದಲ ಸಲ ಕಂಡರು. ಅದೇ ಟೆಲೊಮರೇಸ್. ಇವರಿಬ್ಬರಿಗೂ ಜ್ಯಾಕ್ ಶೋಸ್ಟಾಕ್ ಅವರಿಗೂ 2009ರ ನೊಬೆಲ್ ಬಂತು. 1998ರಲ್ಲಿ ಮನುಷ್ಯರ ಸಾಮಾನ್ಯ ಜೀವಕೋಶಗಳಿಗೆ ಟೆಲೊಮರೇಸ್ ಸೇರಿಸಿದಾಗ ಅವು ಹೇಫ್ಲಿಕ್ ಹೇಳಿದ ಮಿತಿಯನ್ನು ದಾಟಿ ವಿಭಜನೆಯಾಗುತ್ತಲೇ ಹೋದವು. ‘ಚಿರಯೌವನದ ಕಿಣ್ವ’ ಎಂಬ ಮಾತು ಹುಟ್ಟಿದ್ದು ಅಲ್ಲಿಂದ.

ಇಲ್ಲಿಯವರೆಗಿನದೆಲ್ಲ ಗಟ್ಟಿ ವಿಜ್ಞಾನ. ನಿಮ್ಮ ಕೈಗೆ ಕೊಟ್ಟ ವರದಿ ಈ ವಿಜ್ಞಾನದ ಹೆಸರು ಹೇಳುತ್ತದೆ, ಆದರೆ ಅದರ ಲೆಕ್ಕ ನಿಲ್ಲುವುದಿಲ್ಲ.

ಲೆಕ್ಕವನ್ನೇ ಮಾಡಿ ನೋಡೋಣ. ವಯಸ್ಕರ ಬಿಳಿ ರಕ್ತಕಣಗಳಲ್ಲಿ ಟೆಲೊಮಿಯರ್ ಸರಾಸರಿ 7,000 ಅಕ್ಷರ ಉದ್ದ ಎಂದುಕೊಳ್ಳಿ. ವರ್ಷಕ್ಕೆ ಅದು ಸುಮಾರು 25 ಅಕ್ಷರ ಕಡಿಮೆಯಾಗುತ್ತದೆ. ನಿಮಗೆ 12 ವರ್ಷ ಹೆಚ್ಚು ವಯಸ್ಸಾಗಿದೆ ಎಂದು ವರದಿ ಹೇಳಿದರೆ, ನಿಮ್ಮ ಟೆಲೊಮಿಯರ್ ಸರಾಸರಿಗಿಂತ 300 ಅಕ್ಷರ ಚಿಕ್ಕದು ಎಂದಷ್ಟೇ ಅರ್ಥ. 7,000ಕ್ಕೆ 300 ಎಂದರೆ ಶೇ. 4ಕ್ಕಿಂತ ಸ್ವಲ್ಪ ಹೆಚ್ಚು. ಇಂಥ ಸೆಂಟರ್‌ಗಳಲ್ಲಿ ಸಾಮಾನ್ಯವಾಗಿ ಮಾಡುವುದು ಪಿಸಿಆರ್ ಪರೀಕ್ಷೆ. ಅದರಲ್ಲಿ ಒಂದೇ ಟ್ಯೂಬಿನ ರಕ್ತವನ್ನು ಒಳ್ಳೆಯ ಲ್ಯಾಬ್‌ನಲ್ಲಿ ಎರಡು ಸಲ ಅಳೆದರೂ ಶೇ. 5ರಷ್ಟು ಹೆಚ್ಚುಕಮ್ಮಿ ಬರುವುದು ಮಾಮೂಲು. ಡಿಎನ್‌ಎ ಬೇರ್ಪಡಿಸಲು ಬಳಸುವ ಕಿಟ್ ಬದಲಾದರೂ ಫಲಿತಾಂಶ ಬದಲಾಗುತ್ತದೆ. ಅಕ್ಕಿಮೂಟೆ ತೂಗುವ ತಕ್ಕಡಿಯಲ್ಲಿ ಗುಂಜಿ ಚಿನ್ನ ತೂಗಿದ ಹಾಗೆ ಇದು. ನಿಮಗೆ ಸೇರಿಸಿದ ಹನ್ನೆರಡು ವರ್ಷವೂ ಆ ತಕ್ಕಡಿಯ ಅಲುಗಾಟದೊಳಗೇ ಮುಗಿದುಹೋಗುತ್ತದೆ.

ಅಳತೆ ಕರಾರುವಾಕ್ಕಾಗಿದ್ದರೂ ಸಮಸ್ಯೆ ತೀರುವುದಿಲ್ಲ. ಒಂದೇ ವಯಸ್ಸಿನ ಇಬ್ಬರು ಆರೋಗ್ಯವಂತರ ಟೆಲೊಮಿಯರ್‌ಗಳ ನಡುವೆ 2,000 ಅಕ್ಷರಗಳ ಅಂತರ ಇರುವುದು ಅಪರೂಪವೇನಲ್ಲ. ವರ್ಷಕ್ಕೆ 25ರಂತೆ ಹಿಡಿದರೆ ಅದು 80 ವರ್ಷಗಳ ಸವೆತಕ್ಕೆ ಸಮ. ಆ ಲೆಕ್ಕ ನಂಬುವುದಾದರೆ ಮೂವತ್ತರ ಯುವಕನೊಬ್ಬನಿಗೆ ನೂರಾಹತ್ತು ವರ್ಷವಾಗಿದೆ ಎನ್ನಬೇಕಾದೀತು. ಒಂದೇ ದಿನ ಹುಟ್ಟಿದ ಶಿಶುಗಳಲ್ಲೂ ಸಾವಿರಾರು ಅಕ್ಷರಗಳ ವ್ಯತ್ಯಾಸವಿರುತ್ತದೆ. ಹುಟ್ಟುವಾಗ ತಂದೆಯ ವಯಸ್ಸು ಹೆಚ್ಚಾಗಿದ್ದರೆ ಮಗುವಿನ ಟೆಲೊಮಿಯರ್ ಸರಾಸರಿಯಲ್ಲಿ ಉದ್ದವಿರುತ್ತದೆ, ಏಕೆಂದರೆ ವೀರ್ಯಾಣುಗಳಲ್ಲಿ ಅದು ವಯಸ್ಸಿನ ಜೊತೆ ಉದ್ದವಾಗುತ್ತದೆ. ಬಾಲ್ಯದಲ್ಲಿ ಚಿಕ್ಕ ಟೆಲೊಮಿಯರ್ ಇದ್ದವರಿಗೆ ದೊಡ್ಡವರಾದ ಮೇಲೂ ಚಿಕ್ಕದೇ ಇರುತ್ತದೆ, ಉದ್ದ ಇದ್ದವರಿಗೆ ಉದ್ದವೇ. ಒಬ್ಬರ ಸ್ಥಾನ ಬಹುಮಟ್ಟಿಗೆ ಹಾಗೇ ಮುಂದುವರಿಯುತ್ತದೆ. ಹಾಗಾಗಿ 54ನೇ ವಯಸ್ಸಿನ ನಿಮ್ಮ ಅಳತೆ ಮುಖ್ಯವಾಗಿ ತಿಳಿಸುವುದು ನೀವು ಎಷ್ಟು ಉದ್ದದ ಟೆಲೊಮಿಯರ್ ಹೊತ್ತು ಹುಟ್ಟಿದಿರಿ ಎಂಬುದನ್ನು. ನೀವು ಹೇಗೆ ಬದುಕಿದಿರಿ ಎಂಬುದರ ಬಗ್ಗೆ ಅದು ಹೇಳುವುದು ಬಹಳ ಕಡಿಮೆ.

ಇನ್ನೂ ಒಂದು ಸೂಕ್ಷ್ಮವಿದೆ. ವರದಿಯಲ್ಲಿರುವುದು 92 ತುದಿಗಳ ಸರಾಸರಿ, ಲಕ್ಷಾಂತರ ಕಣಗಳ ಸರಾಸರಿ. ಜೀವಕೋಶಕ್ಕೆ ಸರಾಸರಿಯ ಗೊಡವೆ ಇಲ್ಲ. ಅತಿ ಚಿಕ್ಕದಾದ ಕೆಲವೇ ತುದಿಗಳು ಅಪಾಯದ ಸೂಚನೆ ಕೊಟ್ಟರೂ ಸಾಕು, ಅದು ವಿಭಜನೆ ನಿಲ್ಲಿಸುತ್ತದೆ. 2024ರಲ್ಲಿ ಗ್ರೈಡರ್ ಅವರ ತಂಡ ಹೊಸ ವಿಧಾನದಲ್ಲಿ ಪ್ರತಿ ಕ್ರೋಮೋಸೋಮಿನ ತುದಿಯನ್ನೂ ಬೇರೆಬೇರೆಯಾಗಿ ಅಳೆದಾಗ, ಒಬ್ಬರಲ್ಲೇ ತುದಿಯಿಂದ ತುದಿಗೆ 6,000 ಅಕ್ಷರಗಳಿಗೂ ಹೆಚ್ಚು ವ್ಯತ್ಯಾಸ ಕಂಡುಬಂತು.

ಈಗ ಕ್ಯಾಪ್ಸೂಲ್ ಮತ್ತು ಮರುಪರೀಕ್ಷೆಯ ವಿಷಯ. ನನಗೆ ನಿಜಕ್ಕೂ ಸಿಟ್ಟು ಬರುವುದು ಇಲ್ಲಿಯೇ. ಆರು ತಿಂಗಳ ಮೇಲೆ ನಿಮ್ಮ ಟೆಲೊಮಿಯರ್ ‘ಉದ್ದವಾಗಿದೆ’ ಎಂಬ ವರದಿ ಬರುವ ಸಾಧ್ಯತೆ ಚೆನ್ನಾಗಿಯೇ ಇದೆ, ಕ್ಯಾಪ್ಸೂಲಿನಲ್ಲಿ ಬರೀ ಮೈದಾ ತುಂಬಿದ್ದರೂ. ಮೊದಲ ಸಲ ಸರಾಸರಿಗಿಂತ ಕಡಿಮೆ ಬಂದವರಲ್ಲಿ ಒಂದಷ್ಟು ಜನರದು ಅಳತೆಯ ತಪ್ಪಿನಿಂದ ಕಡಿಮೆ ಬಂದಿರುತ್ತದೆ. ಎರಡನೇ ಸಲ ಅಳೆದರೆ ಅವರ ಅಳತೆ ತಾನಾಗಿ ಮೇಲೇರುತ್ತದೆ. ಚಿಕ್ಕದಿದೆ ಎಂದು ಹೆದರಿಸಿದವರಿಗೆ ಮಾತ್ರ ಕ್ಯಾಪ್ಸೂಲ್ ಮಾರಿ, ಅವರನ್ನೇ ಮತ್ತೆ ಅಳೆದರೆ ಬಹುಪಾಲು ಜನ ‘ಸುಧಾರಿಸಿರುತ್ತಾರೆ’. ಇದರ ಮೇಲೆ, ರಕ್ತದಲ್ಲಿರುವ ಬಿಳಿ ಕಣಗಳು ಒಂದೇ ಬಗೆಯವಲ್ಲ. ಇನ್ನೂ ಸೋಂಕನ್ನು ಎದುರಿಸದ ಎಳೆಯ ಟಿ ಕಣಗಳಲ್ಲಿ ಟೆಲೊಮಿಯರ್ ಉದ್ದ, ಹಲವು ಸಲ ವಿಭಜನೆಯಾದವುಗಳಲ್ಲಿ ಚಿಕ್ಕದು. ಒಂದು ಜ್ವರ ಬಂದು ಹೋದರೂ ಕಣಗಳ ಪ್ರಮಾಣ ಬದಲಾಗಿ, ಯಾವ ಟೆಲೊಮಿಯರೂ ಬೆಳೆಯದೆ ಸವೆಯದೆ ಸರಾಸರಿ ಏರಬಹುದು, ಇಳಿಯಬಹುದು.

2020ರಲ್ಲಿ ಇಸ್ರೇಲ್‌ನಿಂದ ಬಂದ ಸುದ್ದಿ ನಿಮಗೆ ನೆನಪಿರಬಹುದು: ಅಧಿಕ ಒತ್ತಡದ ಆಮ್ಲಜನಕದ ಕೋಣೆಯಲ್ಲಿ 60 ಸಲ ಕೂತ 35 ಹಿರಿಯರ ಟೆಲೊಮಿಯರ್ ಶೇ. 20ಕ್ಕಿಂತ ಹೆಚ್ಚು ಉದ್ದವಾಯಿತು ಎಂದು. ಚಿಕಿತ್ಸೆ ಇಲ್ಲದೆ ಹೋಲಿಕೆಗೆ ಇಟ್ಟುಕೊಂಡ ಇನ್ನೊಂದು ಗುಂಪು ಅದರಲ್ಲಿ ಇರಲಿಲ್ಲ. ಹಾಗಿರುವಾಗ ಮೇಲೆ ಹೇಳಿದ ಗೊಂದಲಗಳಲ್ಲಿ ಯಾವುದನ್ನೂ ತಳ್ಳಿಹಾಕಲು ಬರುವುದಿಲ್ಲ. ಗಗನಯಾತ್ರಿ ಸ್ಕಾಟ್ ಕೆಲ್ಲಿ 340 ದಿನ ಬಾಹ್ಯಾಕಾಶದಲ್ಲಿದ್ದಾಗ ಅವರ ಟೆಲೊಮಿಯರ್ ಉದ್ದವಾಗಿತ್ತು, ಭೂಮಿಗೆ ಮರಳಿದ ಮೇಲೆ ಬೇಗನೆ ಮತ್ತೆ ಚಿಕ್ಕದಾಯಿತು. ವಿಕಿರಣವೂ ತೂಕರಹಿತ ಸ್ಥಿತಿಯೂ ಇರುವ ಜಾಗದಲ್ಲಿ ಅವರು ಚಿಕ್ಕವರಾಗುತ್ತಿದ್ದರು ಎಂದು ಯಾರೂ ಹೇಳಲಿಲ್ಲ. ಈ ಕ್ಯಾಪ್ಸೂಲ್‌ಗಳಲ್ಲಿ ಹೆಚ್ಚಾಗಿ ಇರುವುದು ಚೀನಾದ ಅಸ್ಟ್ರಾಗಲಸ್ ಎಂಬ ಬೇರಿನಿಂದ ತೆಗೆದ ಅಂಶ. ಅದನ್ನು ಮಾರುವ ಕಂಪನಿಯೊಂದರ ವಯಸ್ಸು ಹಿಂದಕ್ಕೆ ತಿರುಗಿಸುವ ಪ್ರಚಾರಕ್ಕೆ ಸರಿಯಾದ ಆಧಾರವಿಲ್ಲ ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2018ರಲ್ಲಿ ಕ್ರಮ ಕೈಗೊಂಡಿತು.

ಉದ್ದ ಮಾಡುವುದು ಸಾಧ್ಯವೇ ಎಂಬ ಪ್ರಶ್ನೆಯನ್ನು ಬದಿಗಿಡೋಣ. ಉದ್ದವಾದರೆ ಒಳ್ಳೆಯದೇ? ಪ್ರಯೋಗಾಲಯದ ಇಲಿಯನ್ನು ನೋಡಿ. ಅದರ ಟೆಲೊಮಿಯರ್ ನಮ್ಮದಕ್ಕಿಂತ ಐದಾರು ಪಟ್ಟು ಉದ್ದ. ಬದುಕುವುದು ಎರಡು ಮೂರು ವರ್ಷ. 1997ರಲ್ಲಿ ಮರಿಯಾ ಬ್ಲಾಸ್ಕೊ, ಗ್ರೈಡರ್ ಮತ್ತು ಸಂಗಡಿಗರು ಟೆಲೊಮರೇಸ್ ಇಲ್ಲದ ಇಲಿಗಳನ್ನು ಸೃಷ್ಟಿಸಿದಾಗ ಮೊದಲ ತಲೆಮಾರಿಗೆ ಹೆಚ್ಚೇನೂ ಆಗಲಿಲ್ಲ. ತಲೆಮಾರಿನಿಂದ ತಲೆಮಾರಿಗೆ ತುದಿಗಳು ಸವೆಯುತ್ತ ಹೋಗಿ, ಆರನೆಯದರ ಹೊತ್ತಿಗೆ ಇಲಿಗಳು ಬಂಜೆಯಾದವು. ಬೇರೆಬೇರೆ ಪ್ರಾಣಿ ಪಕ್ಷಿಗಳನ್ನು ಹೋಲಿಸಿದ ಬ್ಲಾಸ್ಕೊ ಅವರ 2019ರ ಅಧ್ಯಯನದಲ್ಲಿ ಆಯುಸ್ಸಿನ ಜೊತೆ ಹೊಂದಿಕೊಂಡದ್ದು ಟೆಲೊಮಿಯರಿನ ಉದ್ದವಲ್ಲ, ಅದು ಸವೆಯುವ ವೇಗ. ಆ ವೇಗವನ್ನು ತಿಳಿಯಲು ಹಲವು ವರ್ಷಗಳ ಅಂತರದಲ್ಲಿ ನಿಖರವಾಗಿ ಅಳೆಯಬೇಕು. ಒಂದು ಸಲ ಕೊಟ್ಟ ರಕ್ತದಿಂದ ಅದು ತಿಳಿಯುವುದಿಲ್ಲ.

ನಮ್ಮಂತೆ ದೊಡ್ಡ ದೇಹ, ದೀರ್ಘ ಬದುಕು ಇರುವ ಪ್ರಾಣಿಗಳು ಹೆಚ್ಚಿನ ಅಂಗಾಂಶಗಳಲ್ಲಿ ಟೆಲೊಮರೇಸನ್ನು ಮುಚ್ಚಿಟ್ಟಿರುವುದಕ್ಕೆ ಕಾರಣ ಕ್ಯಾನ್ಸರ್ ಎಂಬುದು ಈ ಕ್ಷೇತ್ರದಲ್ಲಿ ಬಹುಮಂದಿ ಒಪ್ಪುವ ಮಾತು. ದಾರಿತಪ್ಪಿದ ಜೀವಕೋಶವೊಂದು ವಿಭಜನೆಯಾಗುತ್ತಲೇ ಹೋದರೆ ಅದರ ಟೆಲೊಮಿಯರ್ ಮುಗಿದು, ಅಲ್ಲೇ ನಿಂತುಹೋಗುತ್ತದೆ. ಸುಮಾರು ಶೇ. 85ರಿಂದ 90ರಷ್ಟು ಕ್ಯಾನ್ಸರ್‌ಗಳು ಆ ತಡೆಯನ್ನು ದಾಟುವುದು ಟೆಲೊಮರೇಸನ್ನು ಮತ್ತೆ ಚಾಲೂ ಮಾಡಿಕೊಂಡು. ಹುಟ್ಟಿನಿಂದಲೇ ಟೆಲೊಮಿಯರ್ ಉದ್ದವಿರುವಂಥ ಜೀನ್ ರೂಪಗಳನ್ನು ಪಡೆದವರನ್ನು ಲಕ್ಷಾಂತರ ಜನರ ಮಾಹಿತಿಯಲ್ಲಿ ಹುಡುಕಿ ನೋಡಿದಾಗ, ಅವರಿಗೆ ಹೃದಯದ ರಕ್ತನಾಳದ ಕಾಯಿಲೆಯ ಅಪಾಯ ಕೊಂಚ ಕಡಿಮೆ. ಮೆದುಳಿನ ಗ್ಲಿಯೋಮಾ, ಚರ್ಮದ ಮೆಲನೋಮಾ, ಒಂದು ಬಗೆಯ ಶ್ವಾಸಕೋಶದ ಕ್ಯಾನ್ಸರ್ ಇವುಗಳ ಅಪಾಯ ಹೆಚ್ಚು.

ಇದನ್ನು ಹತ್ತಿರದಿಂದ ತೋರಿಸಿದ್ದು ಜಾನ್ಸ್ ಹಾಪ್‌ಕಿನ್ಸ್‌ನ ಮೇರಿ ಅರ್ಮಾನಿಯೋಸ್ ಅವರ ತಂಡ, 2023ರಲ್ಲಿ. ಪಿಒಟಿ1 ಎಂಬ ಜೀನ್ ಕೆಟ್ಟು ಟೆಲೊಮಿಯರ್ ಅಸಾಧಾರಣ ಉದ್ದವಾಗಿದ್ದ ಕುಟುಂಬಗಳನ್ನು ಅವರು ಅಧ್ಯಯನ ಮಾಡಿದರು. ಕೆಲವರಿಗೆ ಎಪ್ಪತ್ತು ದಾಟಿದರೂ ತಲೆ ನರೆತಿರಲಿಲ್ಲ. ನೋಡಿದರೆ ಭಾಗ್ಯವಂತರು ಎನ್ನಬೇಕು. ಆದರೆ ಥೈರಾಯ್ಡ್ ಗಂಟುಗಳು, ಮೆಲನೋಮಾ, ರಕ್ತ ಮತ್ತು ದುಗ್ಧಗ್ರಂಥಿಯ ಕ್ಯಾನ್ಸರ್‌ಗಳು ಅದೇ ಕುಟುಂಬಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡಿದ್ದವು. ಸಾಯಬೇಕಾದ ಹೊತ್ತಿಗೆ ಸಾಯದ ಜೀವಕೋಶ ತಪ್ಪುಗಳನ್ನು ಕೂಡಿಡುತ್ತ ಹೋಗುತ್ತದೆ. ಆರೋಗ್ಯವಂತರಿಗೆ ಟೆಲೊಮಿಯರ್ ಉದ್ದ ಮಾಡುವ ಗುಳಿಗೆ ಮಾರುವವರು ಈ ಮಾತನ್ನು ಎಲ್ಲಿಯೂ ಹೇಳುವುದಿಲ್ಲ.

ಹಾಗಾದರೆ ಚಿಕ್ಕ ಟೆಲೊಮಿಯರಿಗೂ ಆಯುಸ್ಸಿಗೂ ನಂಟೇ ಇಲ್ಲವೇ? ಇದೆ, ಜನಸಮೂಹದ ಮಟ್ಟದಲ್ಲಿ. ಕೋಪನ್‌ಹೇಗನ್‌ನ 64,637 ಜನರ ಅಧ್ಯಯನದಲ್ಲಿ (2015) ಅತಿ ಚಿಕ್ಕ ಟೆಲೊಮಿಯರಿನ ಹತ್ತನೇ ಒಂದು ಭಾಗದವರ ಸಾವಿನ ಅಪಾಯ, ಅತಿ ಉದ್ದದ ಹತ್ತನೇ ಒಂದು ಭಾಗದವರಿಗಿಂತ ಸುಮಾರು 1.4 ಪಟ್ಟು ಇತ್ತು. ಎರಡು ಕೊನೆಗಳನ್ನು ಹೋಲಿಸಿದಾಗ ಸಿಕ್ಕಿದ್ದು ಇಷ್ಟು. ನಡುವಿನವರಿಗೆ ವ್ಯತ್ಯಾಸ ಇನ್ನೂ ಕಡಿಮೆ. ಹಣ್ಣುಹಣ್ಣು ಮುದುಕರಲ್ಲಿ ಈ ನಂಟು ಸಡಿಲವಾಗುತ್ತದೆ: ಜಪಾನಿನ ಶತಾಯುಷಿಗಳಲ್ಲಿ ಮುಂದೆ ಎಷ್ಟು ಚೆನ್ನಾಗಿ ಬದುಕುತ್ತಾರೆ ಎಂಬುದನ್ನು ಸೂಚಿಸಿದ್ದು ದೇಹದ ಉರಿಯೂತದ ಮಟ್ಟ, ಟೆಲೊಮಿಯರ್ ಅಲ್ಲ. ಅಗ್ಗದ ಸೂಚಕ ಬೇಕಿದ್ದರೆ ಕೈಹಿಡಿತದ ಬಲ ಇದೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯೂ ಪಾಲ್ಗೊಂಡ 17 ದೇಶಗಳ ‘ಪ್ಯೂರ್’ ಅಧ್ಯಯನದಲ್ಲಿ ಹಿಡಿತದ ಬಲ 5 ಕೆಜಿ ಕಡಿಮೆಯಾದಂತೆಲ್ಲ ಸಾವಿನ ಅಪಾಯ ಶೇ. 16ರಷ್ಟು ಹೆಚ್ಚಿತ್ತು. ಬಿಪಿಯ ಮೇಲಿನ ಸಂಖ್ಯೆಗಿಂತ ಅದು ಒಳ್ಳೆಯ ಸೂಚಕವಾಗಿತ್ತು.

ವ್ಯಾಯಾಮ, ವಿಟಮಿನ್ ಡಿ ಇವುಗಳಿಂದ ಸವೆತ ನಿಧಾನವಾಗುತ್ತದೆ ಎಂಬ ಪ್ರಯೋಗಗಳೂ ಇವೆ. ಪರಿಣಾಮ ಸಣ್ಣದು, ಅದರಿಂದ ಆಯುಸ್ಸು ಹೆಚ್ಚಿತು ಎಂದು ತೋರಿಸಿದವರಿಲ್ಲ. ವಾಕಿಂಗ್ ಮಾಡಿ, ಭಾರ ಎತ್ತಿ. ಹೃದಯಕ್ಕೂ ಮೂಳೆಗೂ ಅದರಿಂದ ಆಗುವ ಲಾಭ ಟೆಲೊಮಿಯರಿನ ಹಂಗಿಲ್ಲದೆ ಸಾಬೀತಾಗಿದೆ.

ಈಗ ನಿಮ್ಮ ಅಣ್ಣನ ವಿಷಯ. ಟೆಲೊಮಿಯರ್ ಚಿಕ್ಕದಾಗುವುದೇ ನೇರವಾಗಿ ಕಾಯಿಲೆಯಾಗುವ ಕುಟುಂಬಗಳಿವೆ. ಟೆಲೊಮರೇಸನ್ನು ರೂಪಿಸುವ, ಟೆಲೊಮಿಯರನ್ನು ಕಾಯುವ ಟಿಇಆರ್‌ಟಿ, ಟಿಇಆರ್‌ಸಿ, ಆರ್‌ಟಿಇಎಲ್1, ಪಿಎಆರ್‌ಎನ್ ಮುಂತಾದ ಜೀನ್‌ಗಳಲ್ಲಿ ಒಂದು ಕೆಟ್ಟಿರುತ್ತದೆ. ದೊಡ್ಡವರಲ್ಲಿ ಇದು ಹೆಚ್ಚಾಗಿ ಕಾಣಿಸಿಕೊಳ್ಳುವುದೇ ಶ್ವಾಸಕೋಶದ ಫೈಬ್ರೋಸಿಸ್ ಆಗಿ. ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಈ ಕಾಯಿಲೆ ಬಂದ ಕುಟುಂಬಗಳಲ್ಲಿ ಶೇ. 8ರಿಂದ 15ರಷ್ಟರಲ್ಲಿ ಟೆಲೊಮರೇಸ್ ಜೀನ್‌ಗಳ ದೋಷ ಸಿಕ್ಕಿದೆ. ಅದೇ ಮನೆಯಲ್ಲಿ ಇನ್ನೊಬ್ಬರಿಗೆ ಪ್ಲೇಟ್‌ಲೆಟ್ ಕಡಿಮೆ, ಅಸ್ಥಿಮಜ್ಜೆ ಬತ್ತುವುದು, ಕುಡಿಯದವರಿಗೂ ಲಿವರ್ ಸಿರೋಸಿಸ್, ಮೂವತ್ತಕ್ಕೂ ಮೊದಲೇ ನರೆ ಇರಬಹುದು. ಒಬ್ಬೊಬ್ಬರು ಒಂದೊಂದು ವಿಭಾಗದ ಡಾಕ್ಟರ ಹತ್ತಿರ ಹೋಗುವುದರಿಂದ ಇವೆಲ್ಲ ಒಂದೇ ಬೇರಿನವು ಎಂಬುದು ಯಾರಿಗೂ ಹೊಳೆಯುವುದಿಲ್ಲ. ಮಕ್ಕಳು ತಂದೆತಾಯಿಯಿಂದ ಚಿಕ್ಕ ಟೆಲೊಮಿಯರನ್ನೇ ಪಡೆಯುವುದರಿಂದ ತಲೆಮಾರು ಕಳೆದಂತೆ ಕಾಯಿಲೆ ಇನ್ನೂ ಚಿಕ್ಕ ವಯಸ್ಸಿಗೆ ಬರುವುದೂ ಉಂಟು.

ನಿಮ್ಮ ಮನೆಯದು ಇದೇ ಎಂದು ನಾನು ಹೇಳುತ್ತಿಲ್ಲ. ನಮ್ಮಲ್ಲಿ ಬಾಲನೆರೆ ಬಹಳ ಮಾಮೂಲು, ಹೆಚ್ಚಿನವರಿಗೆ ಅದರಿಂದ ಯಾವ ತೊಂದರೆಯೂ ಇಲ್ಲ. ಬಿ12 ಕೊರತೆಯಿಂದಲೂ ಬರುತ್ತದೆ. ಅಣ್ಣನ ಫೈಬ್ರೋಸಿಸ್‌ಗೂ ಬೇರೆ ಕಾರಣ ಇದ್ದಿರಬಹುದು. ಭಾರತದ 27 ಆಸ್ಪತ್ರೆಗಳ 1,084 ರೋಗಿಗಳ ನೋಂದಣಿಯಲ್ಲಿ (2017) ಇಂಥ ಕಾಯಿಲೆಗಳಲ್ಲಿ ಸುಮಾರು ಅರ್ಧದಷ್ಟು, ಉಸಿರಿನ ಜೊತೆ ಒಳಹೋಗುವ ವಸ್ತುಗಳಿಗೆ ಶ್ವಾಸಕೋಶ ತೋರುವ ಅಲರ್ಜಿಯಂಥ ಪ್ರತಿಕ್ರಿಯೆಯಿಂದ ಬಂದದ್ದು. ಏರ್ ಕೂಲರ್‌ಗಳ ಬಳಕೆ ಅವರಲ್ಲಿ ಎದ್ದುಕಂಡಿತ್ತು. ಪಾರಿವಾಳದ ಹಿಕ್ಕೆ, ಬೂಷ್ಟು ಹಿಡಿದ ಗೋಡೆಗಳೂ ಇದೇ ಪಟ್ಟಿಗೆ ಸೇರುತ್ತವೆ. ಆದರೂ 57ಕ್ಕೆ ಫೈಬ್ರೋಸಿಸ್‌ನಿಂದ ಸಾವು, ಜೊತೆಗೆ ಇಪ್ಪತ್ತೈದರ ನರೆ ಒಂದೇ ಮನೆಯಲ್ಲಿ ಇದ್ದರೆ ನಾನಂತೂ ಸುಮ್ಮನೆ ಬಿಡುವುದಿಲ್ಲ.

ಅಣ್ಣನ ಹಳೆಯ ಫೈಲ್ ಹುಡುಕಿ: ಎದೆಯ ಸಿಟಿ ಸ್ಕ್ಯಾನ್, ರಕ್ತದ ವರದಿಗಳು, ಪ್ಲೇಟ್‌ಲೆಟ್ ಎಷ್ಟಿತ್ತು ಎಂಬುದು. ತಂದೆಯ ಕಡೆಯವರು ಯಾರು, ಯಾವ ವಯಸ್ಸಿಗೆ, ಏನಾಗಿ ತೀರಿಕೊಂಡರು ಎಂದು ಹಿರಿಯರನ್ನು ಕೇಳಿ ಬರೆದುಕೊಳ್ಳಿ. ‘ದಮ್ಮು’, ‘ರಕ್ತ ಒಣಗಿತು’, ‘ಲಿವರ್ ಹೋಯಿತು’ ಎಂದು ಅವರು ಹೇಳುವ ಮಾತುಗಳನ್ನು ಹಾಗೇ ಬರೆದುಕೊಂಡರೂ ಸಾಕು. ಅದನ್ನು ಹಿಡಿದು ಶ್ವಾಸಕೋಶ ತಜ್ಞರ ಬಳಿ ಹೋಗಿ. ಅವರು ನಿಮ್ಮ ಉಸಿರಾಟದ ಪರೀಕ್ಷೆ ಮಾಡುತ್ತಾರೆ. ಅದರಲ್ಲಿ ಡಿಎಲ್‌ಸಿಒ, ಅಂದರೆ ಶ್ವಾಸಕೋಶದಿಂದ ರಕ್ತಕ್ಕೆ ಅನಿಲ ದಾಟುವ ಸಾಮರ್ಥ್ಯದ ಅಳತೆ, ಸೇರಿರಲಿ. ರಕ್ತಕಣಗಳ ಎಣಿಕೆ, ಲಿವರ್ ಪರೀಕ್ಷೆ ಮಾಡಿಸಿ. ಮೆಟ್ಟಿಲು ಹತ್ತುವಾಗ ಏದುಸಿರು, ವಾರಗಟ್ಟಲೆ ಬಿಡದ ಒಣಕೆಮ್ಮು ಇದ್ದರೆ ಅವರಿಗೆ ಮೊದಲೇ ಹೇಳಿ.

ಸಂಶಯ ಉಳಿದರೆ ರಕ್ತರೋಗ ತಜ್ಞರು ಫ್ಲೋ-ಫಿಶ್ ಎಂಬ ಪರೀಕ್ಷೆ ಹಾಗೂ ಜೀನ್ ಪರೀಕ್ಷೆ ಕೇಳಬಹುದು. ಫ್ಲೋ-ಫಿಶ್ ನಿಮಗೆ ಮಾಡಿದ ಪರೀಕ್ಷೆಯಲ್ಲ. ಅದು ರಕ್ತಕಣಗಳನ್ನು ಬಗೆಬಗೆಯಾಗಿ ವಿಂಗಡಿಸಿ ಅಳೆಯುತ್ತದೆ. ಅಲ್ಲಿ ಹುಡುಕುವುದು ಶೇ. 4ರ ಕೊರತೆಯನ್ನಲ್ಲ, ಅದೇ ವಯಸ್ಸಿನ ನೂರು ಜನರಲ್ಲಿ ಕಟ್ಟಕಡೆಯವರಿಗೆ ಇರುವಷ್ಟು ಚಿಕ್ಕ ಟೆಲೊಮಿಯರನ್ನು. ಹಾಗಾಗಿ ನಿಮ್ಮ ಕೈಲಿರುವ ವರದಿ ಈ ಕಾಯಿಲೆ ಇದೆ ಎಂದೂ ಹೇಳುವುದಿಲ್ಲ, ಇಲ್ಲ ಎಂದೂ ಹೇಳುವುದಿಲ್ಲ.

ತಿಳಿದು ಏನು ಪ್ರಯೋಜನ ಎಂದು ಕೇಳಬಹುದು. ಪ್ರಯೋಜನ ದೊಡ್ಡದು. ಫೈಬ್ರೋಸಿಸ್ ರೋಗಿಗಳಿಗೆ ಹಿಂದೆ ಕೊಡುತ್ತಿದ್ದ ಪ್ರೆಡ್ನಿಸೋನ್, ಅಜಥಿಯೋಪ್ರಿನ್‌ನಂಥ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿಗಳು ಚಿಕ್ಕ ಟೆಲೊಮಿಯರ್ ಇರುವವರಿಗೆ ಹಾನಿ ಮಾಡುತ್ತವೆ ಎಂಬುದು ಈಗ ಗೊತ್ತಿದೆ. ಶ್ವಾಸಕೋಶ ಅಥವಾ ಅಸ್ಥಿಮಜ್ಜೆ ಕಸಿ ಮಾಡುವ ಸಂದರ್ಭ ಬಂದರೆ ಔಷಧಿಯ ಪ್ರಮಾಣ ಬದಲಾಗುತ್ತದೆ. ಮಜ್ಜೆ ಕೊಡಲು ಮುಂದೆ ಬರುವ ಒಡಹುಟ್ಟಿದವರಿಗೂ ಅದೇ ದೋಷ ಇದೆಯೇ ಎಂದು ಮೊದಲೇ ನೋಡಬೇಕಾಗುತ್ತದೆ. ದೋಷ ಇರುವವರು ಸಿಗರೇಟು ಸೇದಿದರೆ ಎಂಫಿಸೀಮಾ, ಅಂದರೆ ಶ್ವಾಸಕೋಶದ ಗಾಳಿಚೀಲಗಳು ಹಾಳಾಗುವ ಕಾಯಿಲೆ, ಬೇಗ ಬರುತ್ತದೆ. ನೀವು ಸೇದುವವರಾದರೆ ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಈಗಲೇ ಬಿಡಿ.

ಅಣ್ಣನ ಮಕ್ಕಳಿದ್ದರೆ ಅವರಿಗೂ ಈ ವಿಷಯ ತಿಳಿಸಿ. ಅವರಿಗೆ ನೇರವಾಗಿ ಜೀನ್ ಪರೀಕ್ಷೆ ಮಾಡಿಸಲು ಹೊರಡಬೇಡಿ. ಮೊದಲು ನಿಮ್ಮದು ನಡೆಯಲಿ. ದೋಷ ಸಿಕ್ಕರೆ ಒಂದೇ ಜೀನಿನ ಒಂದೇ ಜಾಗವನ್ನು ಅವರಲ್ಲಿ ನೋಡಿದರೆ ಸಾಕಾಗುತ್ತದೆ. ನಿಮ್ಮಲ್ಲಿ ಸಿಗದಿದ್ದರೂ ಅಣ್ಣನಲ್ಲಿ ಇದ್ದಿರಲಾರದು ಎಂದರ್ಥವಲ್ಲ, ಇಂಥ ದೋಷ ತಂದೆ ಅಥವಾ ತಾಯಿಯಿಂದ ಪ್ರತಿ ಮಗುವಿಗೂ ಬರುವ ಸಾಧ್ಯತೆ ಸಾಮಾನ್ಯವಾಗಿ ಅರ್ಧಕ್ಕರ್ಧ. ಅಣ್ಣನ ಬಯಾಪ್ಸಿ ಆಗಿದ್ದರೆ ಆ ಅಂಗಾಂಶ ಆಸ್ಪತ್ರೆಯಲ್ಲಿ ಇನ್ನೂ ಉಳಿದಿದೆಯೇ ಎಂದು ಫೈಲ್ ತರಲು ಹೋದಾಗಲೇ ವಿಚಾರಿಸಿ.